ಬರದ ಹೊಣೆ ಯಾರದು?

11ನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ಕಲ್ಯಾಣಕ್ಕೆ ರಾಜಧಾನಿಯನ್ನು ಸಾಗಿಸಿದ. ಅದೇ ಇಂದಿನ ಬಸವಕಲ್ಯಾಣ. ದೊಡ್ಡ ನದಿಯಿಲ್ಲದ ಈ ಊರಿನಲ್ಲಿ ತ್ರಿಪುರಾಂತ ಕೆರೆ ಈಗಲೂ ಇದೆ. ಮಳೆನೀರನ್ನು ಹಿಡಿದಿಟ್ಟು ಬಾಳುವುದು ಈ ಸೀಮೆಗೆ ಹೊಸತಲ್ಲ.

ಹೊಸತಾಗಿರುವುದು ಬರದ ಕಾರಣ ಕುರಿತ ವಾದ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಲಾತೂರಿಗೆ ನೀರುಣಿಸುವ ಮಾಂಜ್ರಾ ನದಿಯೇ ಮುಂದೆ ಬೀದರ ಜಿಲ್ಲೆಗೆ ಹರಿದು ಬರುತ್ತದೆ. ಮಳೆ ಕೈಕೊಟ್ಟಿತೆಂದು ಕೆಲವರು, ಇದ್ದ ನೀರನ್ನು ಕಬ್ಬು ಕುಡಿಯಿತೆಂದು ಕೆಲವರು ವಾದಿಸಿದರು. ಹುಮನಾಬಾದ್ ತಾಲ್ಲೂಕಿಗೂ ಈ ಪ್ರಶ್ನೆ ಪರಕೀಯವಲ್ಲ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ್ದು ಕಬ್ಬನ್ನು ನಂಬಿಯೇ.

ಎರಡು ಮಾತಿನಲ್ಲೂ ಸತ್ಯವಿದೆ. ಹೊಣೆ ಮಾತ್ರ ಬೇರೆ ಬೇರೆ. ಭೂಮಿ ಬಿಸಿಯಾದಂತೆ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಮಳೆ ಒಮ್ಮೆಲೇ ಸುರಿಯುವುದು ಹೆಚ್ಚುತ್ತದೆ. ಅದರ ಹೆಚ್ಚಿನ ಹೊಣೆ ಬಹುಕಾಲದಿಂದ ಕಲ್ಲಿದ್ದಲು, ಎಣ್ಣೆ ಸುಟ್ಟ ಸಿರಿವಂತ ದೇಶಗಳದು. ಬೆಳೆಯ ಆಯ್ಕೆ ಮಾತ್ರ ಇಲ್ಲಿಯದೇ. ಹಿಂಗಾರಿ ಜೋಳ ಎರೆಮಣ್ಣಿನ ಹಸಿಯಲ್ಲೇ ನಾಲ್ಕೈದು ತಿಂಗಳಲ್ಲಿ ಕೈಗೆ ಬರುತ್ತದೆ. ಕಬ್ಬಿಗೆ ವರ್ಷದುದ್ದಕ್ಕೂ ನೀರು ಬೇಕು. ಆದರೆ ಜೋಳವನ್ನು ಖಚಿತ ಬೆಲೆಗೆ ಕೊಳ್ಳುವವರಿಲ್ಲದೆ ರೈತನಿಗೆ ಉಪದೇಶ ಮಾಡಿ ಫಲವಿಲ್ಲ.