ಉದ್ಯೋಗದಲ್ಲಿ ಲಿಂಗ ಸಮಾನತೆ ಮತ್ತು ಪುರುಷ ನಾಯಕರು (ಕರ್ನಾಟಕ)

ಉದ್ಯೋಗದಲ್ಲಿ ಲಿಂಗ ಸಮಾನತೆ ಎಂದರೆ ನೇಮಕಾತಿ, ವೇತನ, ಬಡ್ತಿ, ಸುರಕ್ಷತೆ ಹಾಗೂ ನಿರ್ಣಯಾಧಿಕಾರಗಳಲ್ಲಿ ಸ್ತ್ರೀಪುರುಷರಿಗೆ ಸಮಾನ ಅವಕಾಶವಿರುವುದು. ಸಂಸ್ಥೆಗಳ ಉನ್ನತ ಹುದ್ದೆಗಳು ಬಹುಕಾಲ ಪುರುಷರ ಕೈಯಲ್ಲಿದ್ದುದರಿಂದ, ಮಹಿಳೆಯರನ್ನು ಹೊರಗಿಟ್ಟ ನಿಯಮಗಳನ್ನು ಬದಲಿಸುವ ಅಧಿಕಾರವೂ ಅವರದೇ ಆಗಿತ್ತು. ಕರ್ನಾಟಕದೊಂದಿಗೆ ನಂಟಿರುವ ಪ್ರಸಂಗಗಳಲ್ಲಿ ಹೆಚ್ಚಿನವುಗಳಿಗೆ ಚಾಲನೆ ನೀಡಿದವರು ಮಹಿಳೆಯರೇ. ಅಧಿಕಾರದಲ್ಲಿದ್ದ ಪುರುಷರು ಕೆಲವೊಮ್ಮೆ ಮನಃಪೂರ್ವಕವಾಗಿ, ಕೆಲವೊಮ್ಮೆ ಒಲ್ಲದ ಮನಸ್ಸಿನಿಂದ ಅದಕ್ಕೆ ಸ್ಪಂದಿಸಿದರು.

ಭಾರತೀಯ ವಿಜ್ಞಾನ ಸಂಸ್ಥೆ

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ (ವಿವಾಹಾನಂತರ ಕಮಲಾ ಸೊಹೊನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅವರು ಮಹಿಳೆ ಎಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಪಟ್ಟು ಬಿಡದಿದ್ದಾಗ ಒಂದು ವರ್ಷದ ಪರೀಕ್ಷಾರ್ಥ ಅವಧಿಗೆ ಷರತ್ತುಬದ್ಧ ಪ್ರವೇಶ ದೊರೆಯಿತು. ಅವರಿಂದ ಪುರುಷ ಸಂಶೋಧಕರ ಗಮನ ಕೆಡಬಾರದೆಂಬುದೂ ಆ ಷರತ್ತುಗಳಲ್ಲಿ ಒಂದಾಗಿತ್ತು. ಪ್ರಯೋಗಾಲಯದಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಶ್ರೀನಿವಾಸಯ್ಯ. ವರ್ಷ ಮುಗಿದಾಗ ರಾಮನ್ ಕಮಲಾ ಅವರ ಕೆಲಸವನ್ನು ಒಪ್ಪಿಕೊಂಡರು. ಸಂಸ್ಥೆಯ ಬಾಗಿಲು ಇತರ ಮಹಿಳೆಯರಿಗೂ ತೆರೆಯಿತು. ಮುಂದೆ ಹವಾಮಾನ ವಿಜ್ಞಾನಿಯಾಗಿ ಹೆಸರಾದ ಅನ್ನಾ ಮಣಿ 1940ರಲ್ಲಿ ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿದರು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ತಮಗೆ ವಿಧಿಸಿದ ಷರತ್ತುಗಳು ಅವಮಾನಕರವಾಗಿದ್ದವೆಂಬ ಅವರ ಅಭಿಪ್ರಾಯ ಮಾತ್ರ ದಶಕಗಳ ನಂತರವೂ ಬದಲಾಗಲಿಲ್ಲ. ಆದ್ದರಿಂದ ಈ ಪ್ರಸಂಗವನ್ನು ರಾಮನ್ ಅವರ ಔದಾರ್ಯವೆಂದು ವರ್ಣಿಸುವುದು ಸರಿಯಾಗದು.

ಟೆಲ್ಕೊ ಪ್ರಸಂಗ

ಹುಬ್ಬಳ್ಳಿಯ ಬಿ. ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ತಮ್ಮ ಕಾಲದ ಏಕೈಕ ವಿದ್ಯಾರ್ಥಿನಿಯಾಗಿದ್ದ ಸುಧಾ ಕುಲಕರ್ಣಿ (ಸುಧಾ ಮೂರ್ತಿ) ಅವರಿಗೆ ಪ್ರಾಚಾರ್ಯರು ಪ್ರವೇಶ ನೀಡಿದರಾದರೂ ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಂದಿಗೆ ಮಾತನಾಡಬಾರದು ಎಂದು ಸೂಚಿಸಿದ್ದರು. ಕಾಲೇಜಿನಲ್ಲಿ ಮಹಿಳೆಯರಿಗೆ ಶೌಚಾಲಯವೂ ಇರಲಿಲ್ಲ.

1974ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಗ, ವಾಹನ ತಯಾರಿಕಾ ಕಂಪನಿಯಾದ ಟೆಲ್ಕೊದ (ಇಂದಿನ ಟಾಟಾ ಮೋಟರ್ಸ್) ಉದ್ಯೋಗ ಪ್ರಕಟಣೆಯೊಂದನ್ನು ಕಂಡರು. ಮಹಿಳಾ ಅಭ್ಯರ್ಥಿಗಳು ಅರ್ಜಿ ಹಾಕುವ ಅಗತ್ಯವಿಲ್ಲವೆಂದು ಅದರಲ್ಲಿತ್ತು. ಸುಧಾ ಅವರು ಟಾಟಾ ಸಮೂಹದ ಅಧ್ಯಕ್ಷ ಜೆ. ಆರ್. ಡಿ. ಟಾಟಾ ಅವರಿಗೇ ಅಂಚೆ ಕಾರ್ಡ್ ಬರೆದು, ವಿಜ್ಞಾನ ಸಂಸ್ಥೆಯನ್ನು ಹುಟ್ಟುಹಾಕಿದ ಮನೆತನದ ಕಂಪನಿಯೇ ಲಿಂಗಭೇದ ಮಾಡುತ್ತಿರುವುದನ್ನು ಪ್ರಶ್ನಿಸಿದರು. ಅವರೇ ಬರೆದಿರುವಂತೆ, ಹತ್ತು ದಿನಗಳೊಳಗೆ ಪುಣೆಯಲ್ಲಿ ಸಂದರ್ಶನಕ್ಕೆ ಬರಬೇಕೆಂಬ ತಂತಿ ಬಂದಿತು. ಹೋಗಿಬರುವ ಪ್ರಯಾಣವೆಚ್ಚವನ್ನು ಕಂಪನಿಯೇ ಭರಿಸಿತು. ಕಾರ್ಖಾನೆಯ ಯಂತ್ರಾಗಾರದಲ್ಲಿ ಈವರೆಗೆ ಮಹಿಳೆಯರನ್ನು ನೇಮಿಸಿಲ್ಲವೆಂಬುದೇ ಸಂದರ್ಶಕರ ಆಕ್ಷೇಪವಾಗಿತ್ತು. ಎಲ್ಲಿಂದಾದರೂ ಆರಂಭವಾಗಲೇಬೇಕಲ್ಲ ಎಂಬುದು ಅವರ ವಾದ. ಅವರು ಟೆಲ್ಕೊ ಯಂತ್ರಾಗಾರದ ಮೊದಲ ಮಹಿಳಾ ಎಂಜಿನಿಯರ್ ಆದರು. ಜೆ. ಆರ್. ಡಿ. ಇಲ್ಲಿ ಭಾಷಣವನ್ನಾಗಲಿ ಘೋಷಣೆಯನ್ನಾಗಲಿ ಮಾಡಲಿಲ್ಲ. ಅಪರಿಚಿತ ವಿದ್ಯಾರ್ಥಿನಿಯ ಅಂಚೆ ಕಾರ್ಡ್ ಕಸದ ಬುಟ್ಟಿ ಸೇರಲಿಲ್ಲ ಎಂಬುದೇ ಮುಖ್ಯ.

ನ್ಯಾಯಾಲಯದ ಪಾತ್ರ

ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ಮಹಿಳಾ ಅಧಿಕಾರಿ ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರವು ಕರ್ತವ್ಯಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಿತ್ತು. ವಿವಾಹಿತೆಗೆ ನೇಮಕಾತಿಯ ಹಕ್ಕೇ ಇರಲಿಲ್ಲ. ಪುರುಷರಿಗೆ ಇಂಥ ನಿರ್ಬಂಧವಿರಲಿಲ್ಲ. ಬಡ್ತಿ ನಿರಾಕರಿಸಲ್ಪಟ್ಟಾಗ ಮುತ್ತಮ್ಮ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ವಿಚಾರಣೆ ಬಾಕಿಯಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ನೀಡಿತಾದ್ದರಿಂದ 1979ರ ಸೆಪ್ಟೆಂಬರ್‌ನಲ್ಲಿ ಅರ್ಜಿ ತಾಂತ್ರಿಕವಾಗಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಆ ನಿಯಮಗಳ ತಾರತಮ್ಯವನ್ನು ಕಟುವಾಗಿ ಖಂಡಿಸಿ, ಮುತ್ತಮ್ಮ ಅವರ ಜ್ಯೇಷ್ಠತೆಯನ್ನು ಪುನರ್ ಪರಿಶೀಲಿಸುವಂತೆ ಸೂಚಿಸಿದರು. ನಿಯಮಗಳಲ್ಲಿ ಒಂದನ್ನು ಈಗಾಗಲೇ ಕೈಬಿಟ್ಟಿರುವುದಾಗಿಯೂ ಇನ್ನೊಂದನ್ನು ಕೈಬಿಡುತ್ತಿರುವುದಾಗಿಯೂ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು.

ಗ್ರಾಮಾಡಳಿತ

ರಾಮಕೃಷ್ಣ ಹೆಗಡೆ ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಪಂಚಾಯತಿ ಕಾಯಿದೆಯು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ದೇಶಕ್ಕೆ ಮೂರನೆಯ ಒಂದು ಭಾಗದ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. 2010ರಲ್ಲಿ ಕರ್ನಾಟಕವು ಈ ಪ್ರಮಾಣವನ್ನು ಶೇ. 50ಕ್ಕೆ ಏರಿಸಿತು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಜಕ್ಕಲಿಯಂಥ ಗ್ರಾಮಗಳಿಗೂ ಅನ್ವಯಿಸುವ ಈ ವ್ಯವಸ್ಥೆಯಿಂದ, ಮನೆಯಾಚೆಗೆ ಹುದ್ದೆಯನ್ನೇ ಕಾಣದಿದ್ದ ಅನೇಕ ಕೃಷಿಕ ಮಹಿಳೆಯರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಪತ್ನಿಯ ಹೆಸರಿನಲ್ಲಿ ಪತಿ ಅಧಿಕಾರ ಚಲಾಯಿಸುವ ಪದ್ಧತಿ ಈ ಮೀಸಲಾತಿಯ ಬಗೆಗೆ ಪದೇಪದೇ ಕೇಳಿಬರುವ ಟೀಕೆ. ಸಭೆಗೆ ತಾನೇ ಹೋಗಿ ತಾನೇ ಸಹಿ ಹಾಕುವ ಸದಸ್ಯೆಯನ್ನು ತಡೆಯದಿರುವುದು ಮಂತ್ರಿಯ ಕೈಯಲ್ಲಿಲ್ಲ. ಅದು ಆಕೆಯ ಮನೆಯ ಮತ್ತು ಪಂಚಾಯತಿ ಕಚೇರಿಯ ಪುರುಷರಿಗೆ ಸೇರಿದ್ದು.