ಒಳಚರಂಡಿ ಕೆಸರಿನ ಕಾಂಪೋಸ್ಟ್ ಬೆಳೆಗೆ ಹಾಕಬಹುದೇ?

ಒಳಚರಂಡಿ ಕೆಸರನ್ನು ಕಾಂಪೋಸ್ಟ್ ಮಾಡಿದರೆ ಅದರಲ್ಲಿನ ಕೆಟ್ಟದ್ದೆಲ್ಲ ಹೋಗುತ್ತದೆ ಎಂಬ ನಂಬಿಕೆ ಇದೆ. ಇದು ಅರ್ಧ ಮಾತ್ರ ನಿಜ.

ರಾಶಿ ಕೊಳೆಯುವಾಗ ಹುಟ್ಟುವ ಬಿಸಿ ರೋಗಾಣುಗಳನ್ನೂ ಜಂತುಹುಳುವಿನ ಮೊಟ್ಟೆಗಳನ್ನೂ ಕೊಲ್ಲುತ್ತದೆ. ಅಮೆರಿಕದ 1993ರ ನಿಯಮದ ಪ್ರಕಾರ, ಉದ್ದ ಸಾಲಿನಲ್ಲಿ ಹಾಕಿದ ರಾಶಿ ಕನಿಷ್ಠ 15 ದಿನ 55 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬಿಸಿ ಇರಬೇಕು. ಆ ಅವಧಿಯಲ್ಲಿ ಐದು ಬಾರಿ ಮಗುಚಬೇಕು. ಮಗುಚದಿದ್ದರೆ ತಣ್ಣಗಿರುವ ಹೊರಪದರದಲ್ಲಿ ಮೊಟ್ಟೆಗಳು ಉಳಿಯುತ್ತವೆ.

ಆದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಈ ಬಿಸಿ ನಾಶ ಮಾಡದು. ಕೆಸರು ಕೊಳೆತು ತೂಕ ಇಳಿದಂತೆ ಅವುಗಳ ಪ್ರಮಾಣ ಕಿಲೋಗೆ ಇನ್ನೂ ಹೆಚ್ಚಬಹುದು. ಕ್ಯಾಡ್ಮಿಯಂ ಸೊಪ್ಪಿನ ಎಲೆಗಳಿಗೂ ಸೇರುತ್ತದೆ.

ಹಾಗಾಗಿ ಕೆಸರು ಎಲ್ಲಿಂದ ಬಂತು ಎಂಬುದು ಮುಖ್ಯ. ಕಾರ್ಖಾನೆಯ ನೀರು ಸೇರುವ ಚರಂಡಿಯದಾದರೆ ಅಪಾಯ ಹೆಚ್ಚು. ಕೊಳ್ಳುವ ಮುನ್ನ ಲೋಹಗಳ ಪರೀಕ್ಷಾ ವರದಿ ಕೇಳಿ. ವರದಿ ಇಲ್ಲದಿದ್ದರೆ ಸೊಪ್ಪು, ತರಕಾರಿಗೆ ಹಾಕಬೇಡಿ ಎನ್ನುವುದೇ ನಮ್ಮ ಸಲಹೆ.