ಕಾಂಗ್ರೆಸ್ ಗಿಡದ ಊರು ಯಾವುದು?

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಮುಂಗಾರಿನ ಮಳೆ ಬಿದ್ದು ಹದಿನೈದು ದಿನಕ್ಕೆ ಅಜ್ಜಿ ಸೊಪ್ಪಿಗೆ ಹೊರಡುತ್ತಿದ್ದಳು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ನನಗೆ ಹೆಸರು ತಿಳಿಯದ ಇನ್ನೆರಡು ಮೂರು. ಎಲ್ಲವೂ ಬೆರೆತರೆ ಬೆರಕೆ ಸೊಪ್ಪಿನ ಸಾರು, ಜೊತೆಗೆ ಮುದ್ದೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳು ಬದುಗಳ ಕಡೆ ಹೋಗುವುದನ್ನು ನಿಲ್ಲಿಸಿದ್ದಳು. ಮೊಣಕೈಯ ಮಡಿಕೆ, ಕತ್ತು, ಕಣ್ಣಿನ ರೆಪ್ಪೆ ಎಲ್ಲ ಕಪ್ಪಾಗಿ ದಡ್ಡುಗಟ್ಟಿ, ರಾತ್ರಿಯೆಲ್ಲ ಕೆರೆತ. "ಕಾಂಗ್ರೆಸ್ ಗಿಡ ಸೋಕಿದ್ರೆ ಸಾಕು, ಮೈ ಉರೀತದೆ ಕಣಪ್ಪ. ಯಾವೂರಿಂದ ಬಂತೋ ಇದು" ಎನ್ನುತ್ತಿದ್ದಳು.

ಅಪ್ಪನ ಹತ್ತಿರ ಅದಕ್ಕೆ ಸಿದ್ಧ ಉತ್ತರವಿತ್ತು: ಅಮೆರಿಕದ ಗೋಧಿ ಮೂಟೆಯಲ್ಲಿ. ಅವರ ಪ್ರಕಾರ ಅವರು ಶಾಲೆಯಲ್ಲಿ ತಿಂದ ಕೇರ್ ಉಪ್ಪಿಟ್ಟಿಗೂ ಅಜ್ಜಿಯ ಮೈಕೆರೆತಕ್ಕೂ ಒಂದೇ ಮೂಲ. ನಾಡಿನ ಬಹುಪಾಲು ಜನ ಹೇಳುವುದೂ ಇದನ್ನೇ. ಪಿ.ಎಲ್. 480 ಎಂಬ ಕಾನೂನಿನಡಿ ಅಮೆರಿಕ ಕೊಟ್ಟ ಗೋಧಿಯ ಜೊತೆ ಈ ಕಳೆಯ ಬೀಜ ಬಂತು, ಆಗ ಆಳುತ್ತಿದ್ದ ಪಕ್ಷದ ಹೆಸರು ಗಿಡಕ್ಕೆ ಅಂಟಿಕೊಂಡಿತು. ಬಿಳಿ ಹೂವಿನ ತಲೆ ಗಾಂಧಿ ಟೋಪಿಯ ಹಾಗೆ ಕಾಣುವುದರಿಂದ ಆ ಹೆಸರು ಎನ್ನುವವರೂ ಇದ್ದಾರೆ.

ಆಹಾರ ನೆರವಿನ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಈ ಕಥೆಯನ್ನು ಅನುಮಾನಿಸಿರಲಿಲ್ಲ. ಒಂದು ದಿನ ಸುಮ್ಮನೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡೆ. ಪಿ.ಎಲ್. 480 ಅಮೆರಿಕದಲ್ಲಿ ಕಾನೂನಾದದ್ದು 1954ರ ಜುಲೈನಲ್ಲಿ. ಭಾರತ ಅದರಡಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಪುಣೆಯಲ್ಲಿ ಈ ಗಿಡ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಮರುವರ್ಷ ಆರ್.ಎಸ್. ರಾವ್ ಅವರು ಇದು ಭಾರತಕ್ಕೆ ಹೊಸ ಸಸ್ಯವೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂದರೆ ಹಡಗು ಹೊರಡುವ ಮೊದಲೇ ಗಿಡ ಇಲ್ಲಿ ಹೂ ಬಿಟ್ಟಿತ್ತು.

ಹಾಗೆಂದು ಗೋಧಿಯನ್ನು ಪೂರ್ತಿ ಬಿಡುಗಡೆ ಮಾಡುವಂತಿಲ್ಲ. 1951ರಲ್ಲೇ, ಬರದ ಹೊಡೆತಕ್ಕೆ ಸಿಕ್ಕಿದ್ದ ಭಾರತಕ್ಕೆ ಟ್ರೂಮನ್ ಸರ್ಕಾರ 19 ಕೋಟಿ ಡಾಲರ್ ಸಾಲ ಕೊಟ್ಟು 20 ಲಕ್ಷ ಟನ್ ಧಾನ್ಯಕ್ಕೆ ದಾರಿ ಮಾಡಿತ್ತು. ಬೀಜ ಆ ಮೂಟೆಗಳಲ್ಲಿ ಬಂದಿರಬಹುದು. ಜನರ ನೆನಪು ಹಲವು ಹಡಗುಗಳನ್ನು ಒಂದೇ ಹಡಗಾಗಿ ಮಾಡಿಕೊಳ್ಳುತ್ತದೆ, ಅದರಲ್ಲಿ ತಪ್ಪೇನಿಲ್ಲ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಇನ್ನೊಂದು ದಾಖಲೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಒಣಸಸ್ಯ ಸಂಗ್ರಹದಲ್ಲಿ ಪಾರ್ಥೇನಿಯಂನ ಒಂದು ಹಾಳೆ ಇದೆ. ಸಂಗ್ರಹಿಸಿದವರು ಡಿಯೆಟ್ರಿಚ್ ಬ್ರಾಂಡಿಸ್, ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯನ್ನು ಕಟ್ಟಿದ ಜರ್ಮನ್. ವರ್ಷ 1880. ಅದಕ್ಕೂ ಹಿಂದೆ, ಕಲ್ಕತ್ತೆಯ ಸಸ್ಯೋದ್ಯಾನದ ಗಿಡಗಳನ್ನು ಪಟ್ಟಿ ಮಾಡಿ 1814ರಲ್ಲಿ ಅಚ್ಚಾದ ರಾಕ್ಸ್‌ಬರ್ಗ್‌ನ ಕೈಪಿಡಿಯಲ್ಲೂ ಇದರ ಹೆಸರಿದೆ. ಮೆಕ್ಸಿಕೋ ಕೊಲ್ಲಿಯ ಸುತ್ತಮುತ್ತಲಿನ ಈ ಗಿಡವನ್ನು ಯಾರೋ ಬೇಕೆಂದೇ ತರಿಸಿಕೊಂಡು, ಪಾತಿ ಮಾಡಿ, ನೀರು ಹಾಕಿ ಬೆಳೆಸಿದ್ದರು! ಸಾಮ್ರಾಜ್ಯಗಳ ಕಾಲದ ಸಸ್ಯೋದ್ಯಾನಗಳು ಮಾಡುತ್ತಿದ್ದ ಕೆಲಸವೇ ಅದು. ಲಂಟಾನ ನಮ್ಮಲ್ಲಿಗೆ ಬಂದದ್ದೂ ಅಂಥ ತೋಟಗಳ ಅಲಂಕಾರದ ಗಿಡವಾಗಿ. ಇವತ್ತು ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಮರಗಳ ಕೆಳಗೆ ಅದರದೇ ಪೊದೆ.

ಹಾಗಾದರೆ 1880ರ ಗಿಡ ಮುಂದಿನ ಎಪ್ಪತ್ತು ವರ್ಷ ಏಕೆ ಸುಮ್ಮನಿತ್ತು? ಅದರ ಸಂತಾನ ಅಲ್ಲೇ ನಶಿಸಿ, ಐವತ್ತರ ದಶಕದಲ್ಲಿ ಹೊಸ ಬೀಜ ಬಂದಿರಬಹುದು. ಅಥವಾ ಹೊರಗಿನ ಸಸ್ಯಗಳು ಎಷ್ಟೋ ಸಲ ಮಾಡುವಂತೆ ಬಹುಕಾಲ ಮೂಲೆಯಲ್ಲಿದ್ದು, ತಕ್ಕ ನೆಲ ಸಿಕ್ಕಾಗ ಹಬ್ಬಿರಬಹುದು. ನನಗೆ ಮೊದಲನೆಯದೇ ಹೆಚ್ಚು ಸರಿಯೆನಿಸುತ್ತದೆ. ಆದರೆ ಎರಡರಲ್ಲೂ ಒಂದು ಸಂಗತಿ ಸಮಾನ. ಗಿಡಕ್ಕೆ ಬೇಕಿದ್ದದ್ದು ಕದಡಿದ ನೆಲ, ಮತ್ತು ಬೀಜವನ್ನು ಹೊತ್ತೊಯ್ಯುವ ವಾಹನ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಎರಡೂ ಧಾರಾಳವಾಗಿ ಸಿಕ್ಕವು: ರಸ್ತೆ, ರೈಲುಹಳಿ, ಕಾಲುವೆ, ಬಡಾವಣೆ, ಉಗ್ರಾಣದಿಂದ ಉಗ್ರಾಣಕ್ಕೆ ಸಾಗುವ ಮೂಟೆ. ಒಂದು ಗಿಡದಲ್ಲಿ 15,000ಕ್ಕೂ ಹೆಚ್ಚು ಬೀಜ, ಒಂದೊಂದೂ ಸಾಸಿವೆಗಿಂತ ಚಿಕ್ಕದು. ಲಾರಿಯ ಟೈರಿನ ಕೆಸರು ಸಾಕು.

ಆಸ್ಟ್ರೇಲಿಯಾದವರಿಗೆ ದೂರಲು ಆಹಾರ ನೆರವೂ ಇಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಹಬ್ಬಿದ್ದು 1960ರ ಸುಮಾರಿಗೆ ದನಗಳ ಮೇವಿಗೆಂದು ಟೆಕ್ಸಸ್‌ನಿಂದ ದುಡ್ಡು ಕೊಟ್ಟು ತರಿಸಿದ ಹುಲ್ಲಿನ ಬೀಜದಲ್ಲಿ ಬೆರೆತು. ಈಗ ಆ ಹುಲ್ಲುಗಾವಲುಗಳಲ್ಲಿ ದನ ತಿನ್ನದ ಈ ಗಿಡವೇ ಬೆಳೆದಿದೆ.

ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಬೀಳು ನೆಲದಲ್ಲಿ, ಗೋಮಾಳದಲ್ಲಿ ಇರುವ ಕಳೆಯನ್ನು ಕೀಳುವವರು ಯಾರು? ಘೋಷಣೆ ಕಾಗದದಲ್ಲೇ ಉಳಿಯಿತು. ಆಮೇಲೆ ಬಂದದ್ದು ಜೀರುಂಡೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಮತ್ತು ಸಂಗಡಿಗರು ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಒಂದು ಗಡಿದಾಟಿನ ತಪ್ಪನ್ನು ಇನ್ನೊಂದು ಗಡಿದಾಟಿನಿಂದ ತಿದ್ದುವ ಪ್ರಯತ್ನ. ಕೆಲವೆಡೆ ಮಳೆಗಾಲದಲ್ಲಿ ಅದು ಗಿಡವನ್ನು ಕಡ್ಡಿಯಷ್ಟೇ ಉಳಿಯುವಂತೆ ತಿಂದುಹಾಕಿತು. ಅಷ್ಟರಲ್ಲಿ ಸೂರ್ಯಕಾಂತಿ ಹೊಲಗಳಲ್ಲೂ ಜೀರುಂಡೆ ಕಾಣಿಸಿತು, ರೈತರು ಗಾಬರಿಯಾದರು, ತನಿಖಾ ಸಮಿತಿ ಬಂತು, ಬಿಡುಗಡೆ ನಿಂತಿತು. ಸೂರ್ಯಕಾಂತಿ ಎಲೆಯ ಮೇಲೆ ಉದುರಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ಅಲ್ಲಿಗೆ ಸೆಳೆದಿತ್ತೆಂದು ಕೊನೆಗೆ ವಿಜ್ಞಾನಿಗಳು ವಿವರಿಸಿದರು. ಆ ಸೂರ್ಯಕಾಂತಿಯೂ ಅಮೆರಿಕ ಖಂಡದ್ದೇ ಎಂಬುದು ಗಲಾಟೆಯಲ್ಲಿ ಯಾರಿಗೂ ನೆನಪಾದಂತಿಲ್ಲ. ಧಾರವಾಡದ ಕಡೆ ಎಂ. ಮಹದೇವಪ್ಪ ಮತ್ತಿತರರು ಪಾರ್ಥೇನಿಯಂಗೆ ಪೈಪೋಟಿ ಕೊಡುವ ಒಂದು ಕ್ಯಾಸಿಯಾ ಗಿಡವನ್ನು ಗುರುತಿಸಿ, ಅದನ್ನು ಬಿತ್ತಲು ಹೇಳಿದರು. ಅದೂ ಅಮೆರಿಕದಿಂದ ಬಂದದ್ದೇ.

ಈ ಕಾದಾಟದಲ್ಲಿ ನಮ್ಮ ಬದುವಿನ ಸೊಪ್ಪುಗಳ ಲೆಕ್ಕ ಯಾರೂ ಇಟ್ಟಿಲ್ಲ ಎಂಬುದು ನನ್ನ ತಕರಾರು. ಬೆಳೆ ನಷ್ಟಕ್ಕೆ ಅಂಕಿ ಇದೆ, ಅಲರ್ಜಿಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಯನಗಳು ನಡೆದಿವೆ. ಪಾರ್ಥೇನಿಯಂನ ಬೇರು, ಎಲೆಗಳಿಂದ ಇಳಿಯುವ ರಸ ಪಕ್ಕದ ಬೀಜಗಳನ್ನು ಮೊಳೆಯಲು ಬಿಡುವುದಿಲ್ಲ. ತುಂಬೆ, ಗರಿಕೆ, ಅಣ್ಣೆ ಸೊಪ್ಪು ಹಿಂದೆ ಸರಿಯುತ್ತವೆ. ಕಳೆನಾಶಕದ ಪಾಲೂ ಇದರಲ್ಲಿ ದೊಡ್ಡದು, ಎಲ್ಲವನ್ನೂ ಒಂದೇ ಗಿಡದ ತಲೆಗೆ ಕಟ್ಟಲಾರೆ. ಆದರೆ ದುಡ್ಡು ಕೊಡದೆ ಸಿಗುತ್ತಿದ್ದ ಸೊಪ್ಪು ಹೋದರೆ ಅದು ಯಾವ ಇಲಾಖೆಯ ಕಡತದಲ್ಲೂ ನಷ್ಟವಾಗಿ ದಾಖಲಾಗುವುದಿಲ್ಲ.

ಈಗ ನಿಯಮಗಳಿವೆ. 2003ರ ಸಸ್ಯ ಸಂಪರ್ಕತಡೆ ಆದೇಶದಲ್ಲಿ ತಡೆಯಬೇಕಾದ ಕಳೆಗಳ ಪಟ್ಟಿಯೇ ಇದೆ. ಆದರೂ 2006ರಲ್ಲಿ ಗೋಧಿಯ ದಾಸ್ತಾನು ಕಡಿಮೆಯಾಗಿ ಹೊರಗಿನಿಂದ ತರಿಸಬೇಕಾದಾಗ ಕಳೆಬೀಜದ ನಿಯಮವನ್ನು ಸಡಿಲಿಸಿದರು. ಹಸಿವಿನ ಭಯ ಎದುರಿಗಿದ್ದಾಗ ಮೂಟೆಯೊಳಗಿನ ಕಪ್ಪು ಕಾಳನ್ನು ಯಾರೂ ಎಣಿಸುವುದಿಲ್ಲ. 1951ರಲ್ಲೂ ಹಾಗೇ ಆಗಿರಬೇಕು.

ಹ್ಯೂಸ್ಟನ್‌ನಲ್ಲಿರುವ ನನ್ನ ಚಿಕ್ಕಮ್ಮ ಕಳೆದ ಸಲ ಬಂದಾಗ ಅಜ್ಜಿಯ ಡಬ್ಬಿಯಲ್ಲಿ ಉಳಿದಿದ್ದ ಅಣ್ಣೆ ಸೊಪ್ಪಿನ ಬೀಜ ಕೇಳಿದರು. ಮಿಣಮಿಣ ಹೊಳೆಯುವ ಕಪ್ಪು ಬೀಜ, ಒಂದು ಹಿಡಿ. ಅಲ್ಲಿಗೆ ಬಿತ್ತನೆ ಬೀಜ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು ಎಂದೆ. "ಸೊಪ್ಪಿನ ಬೀಜಕ್ಕೆ ಯಾವ ಪ್ರಮಾಣಪತ್ರವೋ, ಸೀರೆ ಮಡಿಕೆಯಲ್ಲಿ ಇಟ್ಕೊಂಡ್ರೆ ಯಾರಿಗೆ ಕಾಣತ್ತೆ?" ಎಂದು ನಕ್ಕರು. ಪಾರ್ಥೇನಿಯಂನ ತವರು ಅವರ ಮನೆಯ ಆಸುಪಾಸೇ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಕೊಡಲೂ ಇಲ್ಲ. ಅವರು ಸ್ವಲ್ಪ ಮುನಿಸಿಕೊಂಡೇ ವಿಮಾನ ಹತ್ತಿದರು. ಬೀಜದ ಡಬ್ಬಿ ಅಡುಗೆಮನೆಯ ಗೂಡಿನಲ್ಲೇ ಇದೆ. ಈ ಮುಂಗಾರಿಗೆ ಹಿತ್ತಲಿನಲ್ಲಿ ಎರಡು ಮಡಿ ಮಾಡಿ ಹಾಕಬೇಕು. ಅದಕ್ಕೆ ಮುಂಚೆ ಅಲ್ಲಿರುವ ಕಾಂಗ್ರೆಸ್ ಗಿಡ ಹೂ ಬಿಡುವಷ್ಟರಲ್ಲಿ ಕೀಳಬೇಕು, ಕೈಗೆ ಗವಸು ಹಾಕಿಕೊಂಡು.